ಸೋಲದೇ ಹೊರಟುಹೋದ ಭಾವ

ದಿನಾಂಕ: 8-2-1993

ಭಾವಮೈದನಿಗೆ ಭಾವನ ಆಶೀರ್ವಾದಗಳು.

ಕ್ಷೇಮವಾಗಿ ತಲುಪಿದ್ದೇನೆ. ಗುರುವಾರ ಬೆಳಿಗ್ಗೆ ಹೇಳದೆ ಹೊರಟುಬಂದೆ ಅಂತ ಏನೂ ತಿಳಿದುಕೊಳ್ಳಬೇಡ. ಬಸ್ಸು ಬೇಗ ಇತ್ತು, ನೀನು ಮಲಗಿದ್ದೆ. ನಿನ್ನನ್ನು ನಿದ್ದೆಯಿಂದ ಎಬ್ಬಿಸುವ ಕಷ್ಟ ನಿನ್ನ ಅಕ್ಕನಿಗೂ ಗೊತ್ತು, ನನಗೂ ಗೊತ್ತು. ರಿಂಗಿನಲ್ಲಿ ನಿನಗೆ 'ಹೆಬ್ಬಾವು' ಅಂತ ಹೆಸರಿಟ್ಟ ನಮ್ಮ ಮ್ಯಾನೇಜರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಕುಸ್ತಿಯಲ್ಲೂ ದೊಡ್ಡ ಕಂಪನಿ ಅಂದರೆ ದೊಡ್ಡ ಕಂಪನಿಯೇ ಕಣೋ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಬಿಸಿನೀರು ಬರುತ್ತದೆ. ನನ್ನದೇ ಒಂದು ಕಪಾಟು, ಅದಕ್ಕೆ ಬೀಗ, ಬೀಗಕ್ಕೆ ಎರಡು ಕೀಲಿಕೈ. ರಿಂಗಿನ ಸುತ್ತ ಹನ್ನೆರಡು ಕ್ಯಾಮೆರಾ. ನಮ್ಮಲ್ಲಿ ರಿಂಗಿನ ನಾಲ್ಕನೇ ಕಂಬ ಬೀಳದ ಹಾಗೆ ಒಬ್ಬ ಸದಾ ಹಿಡಿದುಕೊಂಡು ನಿಂತಿರುತ್ತಿದ್ದನಲ್ಲ, ಇಲ್ಲಿ ಕಂಬಗಳೆಲ್ಲ ತಾವಾಗಿಯೇ ನಿಂತಿರುತ್ತವೆ.

ಒಂದೇ ಒಂದು ತೊಡಕು. ಇವರಲ್ಲಿ ಆಗಲೇ 'ಗುಡುಗು' ಅಂತ ಒಬ್ಬನಿದ್ದಾನಂತೆ, ಆದ್ದರಿಂದ ನಮ್ಮಲ್ಲಿದ್ದ ಹಾಗೆ ನಾನು 'ಸಿಡಿಲು' ಆಗಿರಲು ಬರುವುದಿಲ್ಲವಂತೆ. "ಸಾರ್, ಗುಡುಗು ಇರೋ ಕಡೆ ಸಿಡಿಲು ಇರೋದು ಸಹಜ ಅಲ್ವಾ?" ಅಂತ ಕೇಳಿದೆ. "ಹೊಸ ಪಾತ್ರ ಕೊಡ್ತೀವಿ, ಇದಕ್ಕಿಂತ ದೊಡ್ಡದು" ಅಂದರು. ಹನ್ನೊಂದು ವರ್ಷ ಒಂದು ಸಲವೂ ಸೋಲದವನಿಗೆ ಸಣ್ಣ ಪಾತ್ರ ಕೊಡುತ್ತಾರೆಯೇ?

ಚೆನ್ನಾಗಿ ಊಟ ಮಾಡುತ್ತಿದ್ದೇನೆ ಅಂತ ನಿನ್ನ ಅಕ್ಕನಿಗೆ ಹೇಳು. ಶನಿವಾರದ ಕುಸ್ತಿ ಏನಾಯಿತು? ಹೇಗಾದರೂ ಸುಧಾರಿಸಿರುತ್ತೀಯ ಬಿಡು.

ಇಂತಿ ನಿನ್ನ ಭಾವ

*

ದಿನಾಂಕ: 16-2-1993

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಅಕ್ಕ ಚೆನ್ನಾಗಿದ್ದಾಳೆ. ಹೊಲಿಗೆ ಮಿಷನ್ನಿನ ಮುಂದೆ ಕೂತವಳು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ, ಮೂರನೇ ದಿನ ಸರಿಹೋದಳು. ನಿಮಗಾದರೆ ಬರೀ ಬಸ್ಸು ಬೇಗ ಇತ್ತು. ಇಲ್ಲಿ ನಿಮ್ಮ ಹೊಸ ಹಳದಿ ಚಡ್ಡಿಗೆ ಅವಳು ಮಿಂಚಿನ ಪಟ್ಟಿ ಹಚ್ಚುತ್ತಿದ್ದಳು. ಒಂದು ಕಾಲಿಗೆ ಹಚ್ಚಿ ಆಗಿತ್ತು.

ಶನಿವಾರ ಏನಾಯಿತು ಅಂತ ಕೇಳಿದ್ದೀರಿ. ನಾಲ್ಕುನೂರು ಜನ ಬಂದಿದ್ದರು. ಮ್ಯಾನೇಜರು ಮೈಕು ಹಿಡಿದು "ಸಿಡಿಲಿಗೆ ಜ್ವರ" ಅಂದರು. ಜನ ನಂಬಲಿಲ್ಲ. ಗಲಾಟೆಯಾಗುವ ಮೊದಲು ಏನಾದರೂ ಮಾಡು ಅಂತ ನನ್ನನ್ನು ರಿಂಗಿಗೆ ನೂಕಿದರು. ಒಬ್ಬನೇ ಏನು ಮಾಡಲಿ ಭಾವ? ಹತ್ತು ನಿಮಿಷ ಎಲ್ಲರನ್ನೂ ಗುರಾಯಿಸಿದೆ. ಆಮೇಲೆ ಕಣ್ಣು ಉರಿಯಿತು.

ಒಂದು ಮಾತು, ಮರೆತಿದ್ದರೆ ನೆನಪಿಸುತ್ತೇನೆ ಅಷ್ಟೆ. ನಮ್ಮದು ಯಾರು ಗೆಲ್ಲಬೇಕು ಅಂತ ಮ್ಯಾನೇಜರು ಮೊದಲೇ ಚೀಟಿ ಬರೆದುಕೊಡುವ ಕುಸ್ತಿ. ಹನ್ನೊಂದು ವರ್ಷ ಆ ಚೀಟಿಯಲ್ಲಿ ನಿಮ್ಮ ಹೆಸರೇ ಇತ್ತು. ನಾನು ಚಕಾರ ಎತ್ತಲಿಲ್ಲ. ಆದರೆ ಕಂಪನಿ ಬಿಟ್ಟು ಹೋಗುವವನು ಉಳಿಯುವವನ ಕೈಯಲ್ಲಿ ಒಂದು ಸಲ ಸೋತು ಹೋಗಬೇಕು, ಇದು ಚೀಟಿಗಿಂತ ಹಳೆಯ ಪದ್ಧತಿ. ಆ ಶನಿವಾರದ ಚೀಟಿಯಲ್ಲಿ ನನ್ನ ಹೆಸರಿತ್ತು. ಗೆದ್ದಾಗ ಎರಡೂ ಕೈ ಎತ್ತಬೇಕೋ ಒಂದೇ ಸಾಕೋ ಅಂತ ಬುಧವಾರ ಕನ್ನಡಿ ಮುಂದೆ ನಿಂತು ನೋಡಿಕೊಳ್ಳುತ್ತಿದ್ದೆ, ಅಕ್ಕ ಕಂಡು ನಕ್ಕಳು. ಅದೆಲ್ಲ ಬಿಡಿ. ನನಗೇನೂ ಬೇಜಾರಿಲ್ಲ.

ನಿಜವಾಗಿ ಬೇಜಾರಿಲ್ಲ.

ಇಂತಿ ನಿಮ್ಮ ಹೆಬ್ಬಾವು

*

ದಿನಾಂಕ: 20-4-1993

ಪ್ರೀತಿಯ ಭಾವಮೈದನಿಗೆ,

ನಿನಗೆ ಬೇಜಾರಿಲ್ಲ ಅಂತ ಓದಿ ಮನಸ್ಸು ಹಗುರಾಯಿತು. ನೀನು ದೊಡ್ಡ ಮನಸ್ಸಿನವನು ಅಂತ ಇಲ್ಲಿ ಎಲ್ಲರಿಗೂ ಹೇಳುತ್ತಿರುತ್ತೇನೆ.

ಪಾತ್ರ ಸಿಕ್ಕಿತು! ಗಂಭೀರವಾದ ಪಾತ್ರ. ಒಬ್ಬ ವಿದ್ಯಾವಂತನ ಪಾತ್ರ. ನಾನು ಏಳನೇ ಕ್ಲಾಸು ಅಂತ ಮೊದಲೇ ಹೇಳಿದೆ, ಅವರು "ಪರವಾಗಿಲ್ಲ, ಮುಖದಲ್ಲಿ ಕಾಣಲ್ಲ" ಅಂದರು. ಇಲ್ಲಿಯ ಜನ ನಮ್ಮ ಕಡೆಯವರ ಹಾಗೆ ಕಿರುಚುವುದಿಲ್ಲ. ನಾನು ರಿಂಗಿಗೆ ಬಂದೆ ಅಂದರೆ ಎಂಟು ಸಾವಿರ ಜನ ಗಪ್‌ಚಿಪ್. ಸೂಜಿ ಬಿದ್ದರೂ ಕೇಳಿಸುತ್ತದೆ. ಮೊದಲ ದಿನ ನನಗೇ ಗಾಬರಿಯಾಯಿತು. ಆಮೇಲೆ ನಿರ್ದೇಶಕರು ಅದೇ ಬೇಕಾಗಿತ್ತು ಅಂದರು. ಅವರು ಹಾಗೆ ಅಂದಮೇಲೆ ಸರಿಯೇ ಇರಬೇಕು.

ನಿನ್ನ ಅಕ್ಕನಿಗೆ ಒಂದು ಕೆಲಸ. ಮುಂದೆ ಗುಂಡಿ ಇರುವ, ಬೂದುಬಣ್ಣದ ಉಣ್ಣೆ ಸ್ವೆಟರ್ ಎರಡು ಬೇಕು. ತೋಳು ಜೋರಾಗಿ ಎಳೆದರೆ ಭುಜದಿಂದ ಕಿತ್ತುಬರಬೇಕು, ಮತ್ತೆ ಹೊಲಿಯಲೂ ಬರಬೇಕು. ಯಾಕೆ ಅಂತ ಕೇಳಿದರೆ ಇಲ್ಲಿ ಚಳಿ ಅಂತ ಹೇಳು.

ಇಂತಿ ನಿನ್ನ ಭಾವ

*

ದಿನಾಂಕ: 11-5-1993

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಸ್ವೆಟರ್ ಪಾರ್ಸಲ್ ಮಾಡಿದ್ದೇವೆ. "ಚಳಿಗೆ ಹಾಕ್ಕೊಳ್ಳೋ ಸ್ವೆಟರ್ ತೋಳು ಯಾಕೆ ಕಿತ್ಕೊಂಡು ಬರಬೇಕಂತೆ?" ಅಂತ ಅಕ್ಕ ಕೇಳಿದಳು. ದೊಡ್ಡ ಊರಿನಲ್ಲಿ ಬೆಳಿಗ್ಗೆ ಚಳಿ, ಮಧ್ಯಾಹ್ನ ಸೆಕೆ ಇರಬಹುದು ಅಂದೆ. ನನ್ನ ಮುಖವನ್ನು ಒಂದು ನಿಮಿಷ ನೋಡಿದಳು. ಅವಳು ಮುಖ ನೋಡಿದರೆ ನನಗೆ ಸುಳ್ಳು ಬಾಯಿಯಲ್ಲೇ ಉಳಿದುಬಿಡುತ್ತದೆ, ನಿಮಗೇ ಗೊತ್ತಲ್ಲ.

ಇಲ್ಲಿ ಮ್ಯಾನೇಜರು ನಿಮ್ಮ ಜಾಗಕ್ಕೆ ಮೂವರನ್ನು ತಂದು ನೋಡಿದರು. ಮೊದಲನೆಯವನು 'ಚಂಡಮಾರುತ', ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವನು, ತೋಳು ಕಂಬದ ಹಾಗಿದೆ. ಆದರೆ ದಮ್ಮಿನ ತೊಂದರೆ. ಎರಡೇ ನಿಮಿಷಕ್ಕೆ ನನ್ನ ಮೈಮೇಲೆ ಒರಗಿ "ಅಣ್ಣಾ, ಸ್ವಲ್ಪ ತಡಿ" ಅಂದ. ಅವನಿಗೆ ಸೋಲಲು ನಾನು ಅವನನ್ನು ಎತ್ತಿ ನನ್ನ ಮೇಲೆ ಹಾಕಿಕೊಳ್ಳಬೇಕಾಯಿತು. ಎರಡನೆಯವನು ಜನ ಕಂಡು ಹೆದರಿ ಓಡಿದ. ಮೂರನೆಯವನು ಒಳ್ಳೆಯವನು, ಆದರೆ ನನ್ನನ್ನು ನಿಜವಾಗಿ ಹೊಡೆದ.

ಜನ ನನ್ನನ್ನು ಮೊದಲಿನ ಹಾಗೆಯೇ ಬೈಯುತ್ತಾರೆ, ಚಿಂತೆ ಬೇಡ. ಮುಂದಿನ ಸಾಲಿನ ಅಜ್ಜಿ ಕೊಡೆಯಿಂದ ಹೊಡೆಯುವುದನ್ನೂ ಬಿಟ್ಟಿಲ್ಲ. ಎಲ್ಲ ಎಂದಿನಂತೆ.

ಇಂತಿ ನಿಮ್ಮ ಹೆಬ್ಬಾವು

*

ದಿನಾಂಕ: 30-8-1993

ಪ್ರಿಯ ಭಾವಮೈದನಿಗೆ,

ಉತ್ತರ ತಡವಾಯಿತು. ಅನೇಕ ವಿಷಯಗಳ ಪರ್ಯಾಲೋಚನೆಯಲ್ಲಿದ್ದೆ.

ಆಶ್ಚರ್ಯವಾಯಿತೇ? ನಾನೀಗ ಪುಸ್ತಕ ಓದುತ್ತೇನೆ ಕಣೋ. ಪಾತ್ರಕ್ಕೆಂದು ಕಂಪನಿಯವರು ಒಂದು ಟ್ರಂಕು ತುಂಬ ಹಳೆಯ ಪುಸ್ತಕ ತರಿಸಿದ್ದಾರೆ, ತೂಕಕ್ಕೆ ಕೊಂಡದ್ದು. ನನ್ನ ಸರದಿ ಬರುವ ತನಕ ಬಟ್ಟೆ ಕೋಣೆಯಲ್ಲಿ ಕೂತಿರಬೇಕು. ಮೊದಲು ಒಂದನ್ನು ಸುಮ್ಮನೆ ತೆರೆದೆ. ನಾವಿಕನೊಬ್ಬನ ಕಥೆ. ಅವನ ಹಡಗು ಒಡೆಯುವ ಹೊತ್ತಿಗೆ ಸರಿಯಾಗಿ ನನ್ನನ್ನು ರಿಂಗಿಗೆ ಕರೆದರು. ಹೋಗಿ, ಕೆಲಸ ಮುಗಿಸಿಕೊಂಡು, ಬೇಗ ಬಂದು ಮುಂದಕ್ಕೆ ಓದಿದೆ. ಹಡಗು ಇನ್ನೂ ಪೂರ್ತಿ ಮುಳುಗಿರಲಿಲ್ಲ.

ಈಗ ನನ್ನ ಕುಸ್ತಿಗಳು ಬೇಗ ಮುಗಿಯುತ್ತವೆ. ದೊಡ್ಡ ಕಂಪನಿಯಲ್ಲಿ ಎಲ್ಲವೂ ಚುರುಕು. ಹಿಂದೆ ನಾವಿಬ್ಬರೂ ನಲವತ್ತು ನಿಮಿಷ ಹೊರಳಾಡುತ್ತಿದ್ದೆವು, ನೆನೆದರೆ ನಗು ಬರುತ್ತದೆ. ಅಂತಃಕರಣದಲ್ಲಿ ಒಂದು ಬಗೆಯ ವಿಷಾದವೂ ಆಗುತ್ತದೆ.

ನಿನ್ನ ಅಕ್ಕ ನನ್ನ ಕಾರ್ಡುಗಳಿಗೆ "ಕ್ಷೇಮ" ಅಂತ ಒಂದೇ ಪದದಲ್ಲಿ ಉತ್ತರ ಬರೆಯುತ್ತಿದ್ದಾಳೆ. ಕಾರಣವೇನಿರಬಹುದು?

ಇಂತಿ ನಿನ್ನ ಭಾವ

*

ದಿನಾಂಕ: 17-10-1993

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಪರ್ಯಾಲೋಚನೆ ಅಂದರೆ ಎಂಥ ಕಾಯಿಲೆ, ಔಷಧಿ ತಗೊಂಡರಾ ಅಂತ ಅಕ್ಕ ಕೇಳಿದ್ದಾಳೆ. ನಿಮ್ಮ ಕಾಗದಗಳನ್ನು ನನಗಿಂತ ಮೊದಲು ಅವಳೇ ಒಡೆಯುವುದು. ಇದನ್ನು ಮೊದಲೇ ಹೇಳಬೇಕಾಗಿತ್ತೇನೋ.

ಒಂದು ಸುದ್ದಿ. ಕ್ಷೌರದ ಅಂಗಡಿಯವನು ಮಾಳಿಗೆ ಮೇಲೆ ದೊಡ್ಡ ಡಿಶ್ ಕೂರಿಸಿದ್ದಾನೆ. ಈಗ ಅಲ್ಲಿ ಎಲ್ಲ ಚಾನೆಲ್ಲೂ ಬರುತ್ತವೆ. ಭಾನುವಾರ ಸಂಜೆ ನಿಮ್ಮ ಕಂಪನಿಯ ಕುಸ್ತಿ ತೋರಿಸುತ್ತಾರೆ ಅಂತ ನಮ್ಮವರೆಲ್ಲ ಸೇರಿದ್ದೆವು. ಮ್ಯಾನೇಜರು, ರೆಫರಿ, ಕಂಬ ಹಿಡಿಯುವವನು, ಅಕ್ಕ, ನಾನು. ಆದರೆ ನೋಡಿ ಗ್ರಹಚಾರ, ನಿಮ್ಮ ಕುಸ್ತಿ ಶುರುವಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು! ಏನೂ ಕಾಣಲಿಲ್ಲ. ಒಂದಿಷ್ಟೂ ಕಾಣಲಿಲ್ಲ.

ಹಾಗಾಗಿ ನಮಗೇನೂ ಗೊತ್ತಿಲ್ಲ. ಆದರೂ ನೀವು ಯಾವ ಪಾತ್ರ ಮಾಡಿದರೂ ಚೆನ್ನಾಗಿಯೇ ಮಾಡುತ್ತೀರಿ. ಕುಸ್ತಿ ಎಷ್ಟು ಹೊತ್ತು ನಡೆಯಿತು ಅನ್ನುವುದು ಮುಖ್ಯವಲ್ಲ. ಒಂದೂವರೆ ನಿಮಿಷದಲ್ಲೂ ಮನುಷ್ಯನ ಯೋಗ್ಯತೆ ತಿಳಿಯುತ್ತದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು, ಅಷ್ಟೆ. ಕನ್ನಡಕ ನಿಮಗೆ ತುಂಬ ಒಪ್ಪುತ್ತದೆ.

ಅಂದರೆ, ಹಾಕಿಕೊಂಡರೆ ಒಪ್ಪಬಹುದು ಅಂತ ಒಂದು ಊಹೆ.

ಇಂತಿ ನಿಮ್ಮ ಹೆಬ್ಬಾವು

*

ದಿನಾಂಕ: 25-10-1993

ಭಾವಮೈದನಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕನ್ನಡಕದ ವಿಷಯ ನಾನು ಯಾವ ಪತ್ರದಲ್ಲೂ ಬರೆದಿಲ್ಲ.

ಸರಿ. ನೋಡಿದ್ದೀರಿ. ಎಲ್ಲರೂ ಸಾಲಾಗಿ ಕೂತು ನೋಡಿದ್ದೀರಿ. ಹಾಗಾದರೆ ಪೂರ್ತಿ ಕೇಳಿ. ನನ್ನ ಹೆಸರು ಈಗ 'ಲೈಬ್ರರಿಯನ್'. ಬೂದು ಸ್ವೆಟರ್ ಹಾಕಿ, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಬರುತ್ತೇನೆ. ರಿಂಗಿನ ನಾಲ್ಕು ಮೂಲೆಗೂ ಹೋಗಿ ತುಟಿಯ ಮೇಲೆ ಬೆರಳಿಟ್ಟು "ಶ್!" ಅನ್ನುತ್ತೇನೆ. ಎಂಟು ಸಾವಿರ ಜನ ಸುಮ್ಮನಾಗುತ್ತಾರೆ. ಅದು ಪಾತ್ರಕ್ಕೆ ಕೊಟ್ಟ ಮರ್ಯಾದೆಯೋ, ಜನರಿಗೆ ನಾನು ಬೇಡವೋ, ಆರು ತಿಂಗಳಾದರೂ ನನಗೆ ತಿಳಿದಿಲ್ಲ. ನಿರ್ದೇಶಕರಿಗೂ ತಿಳಿದಿಲ್ಲ. ನಾನು ಗೆದ್ದರೆ ಎದುರಾಳಿಯ ಹಣೆಗೆ 'ಅವಧಿ ಮೀರಿದೆ' ಅಂತ ಮುದ್ರೆ ಒತ್ತಬೇಕು. ಇದುವರೆಗೆ ಒತ್ತುವ ಸಂದರ್ಭ ಬಂದಿಲ್ಲ. ಹೋದ ವಾರ ಗುಡುಗು ಅದನ್ನು ಕಿತ್ತುಕೊಂಡು ನನ್ನ ಹಣೆಗೇ ಒತ್ತಿದ. ಮೂರು ದಿನ ಸೋಪು ಹಾಕಿ ಉಜ್ಜಿದ್ದೇನೆ, 'ಮೀರಿದೆ' ಅನ್ನುವುದು ಇನ್ನೂ ಕಾಣುತ್ತದೆ.

ಸಂತೋಷವಾಯಿತೇ? ಹನ್ನೊಂದು ವರ್ಷ ನನ್ನ ಕೈಯಲ್ಲಿ ನೆಲ ಕಚ್ಚಿದವನು ನೀನು. ನೀನು ನನಗೆ ಕನಿಕರದ ಕಾಗದ ಬರೆಯುವ ಕಾಲ ಬಂತು. ನನಗೆ ನಿನ್ನ ಸಮಾಧಾನ ಬೇಡ.

ನಿನ್ನ ಭಾವ

*

ದಿನಾಂಕ: 2-11-1993

ಭಾವ,

ಈ ಕಾಗದದಲ್ಲಿ ನೀವು ಗೀವು ಇಲ್ಲ. ರಿಂಗಿನಲ್ಲಿ ಕರೆಯುವ ಹಾಗೆ ಕರೆಯುತ್ತೇನೆ.

ನಿನ್ನ ಕೈಯಲ್ಲಿ ನೆಲ ಕಚ್ಚಿದೆ ಅಂತೀಯಲ್ಲ, ನಾನು ಸರಿಯಾಗಿ ಬಿದ್ದದ್ದಕ್ಕೇ ಅಲ್ಲವೇನೋ ನೀನು ಸಿಡಿಲು ಆದದ್ದು? ನೀನು ಮುಟ್ಟುವ ಮೊದಲೇ ಎಂಟಡಿ ಹಾರಿ ಬೀಳುತ್ತಿದ್ದವನು ಯಾರು? ಇಲ್ಲಿ ಇಡೀ ಊರು ನನ್ನನ್ನು ಉಗಿಯುತ್ತಿತ್ತು. ತರಕಾರಿಯವನು ನನಗೆ ಬೇಕಂತಲೇ ಕೊಳೆತದ್ದು ಕೊಡುತ್ತಿದ್ದ. ಒಂದೇ ಮನೆಯಲ್ಲಿದ್ದರೂ ಜನ ನಮ್ಮನ್ನು ಒಟ್ಟಿಗೆ ಕಾಣಬಾರದು ಅಂತ ನೀನು ಮುಂದಿನ ಬಾಗಿಲಿಂದ, ನಾನು ಹಿತ್ತಿಲ ಬಾಗಿಲಿಂದ. ನನ್ನ ಸ್ವಂತ ಅಕ್ಕನ ಮದುವೆಯಲ್ಲಿ ಟವಲು ಮುಚ್ಚಿಕೊಂಡು ಕೊನೇ ಸಾಲಿನಲ್ಲಿ ಕೂತೆ! ಯಾರಿಗೋಸ್ಕರ?

ಇನ್ನೊಂದು ಕೇಳು. ಜನ ನನ್ನನ್ನು ಬೈಯುತ್ತಾರೆ ಅಂತ ಬರೆದದ್ದು ಸುಳ್ಳು. ನೀನು ಓಡಿಹೋದದ್ದು ಗೊತ್ತಾದ ಮೇಲೆ ಎಲ್ಲರೂ ನನಗೆ ಚಪ್ಪಾಳೆ ಹೊಡೆಯಲು ಶುರುಮಾಡಿದರು. "ನೀನಾದ್ರೂ ಉಳ್ಕೊಂಡಲ್ಲ ಮಗಾ" ಅಂತ ಕೊಡೆ ಅಜ್ಜಿ ಕೆನ್ನೆ ಚಿವುಟುತ್ತಾಳೆ. ಗುರಾಯಿಸಿದರೆ ನಗುತ್ತಾರೆ. ಮಕ್ಕಳನ್ನು ತಂದು ಕೈಗೆ ಕೊಡುತ್ತಾರೆ. ನಿನಗೆ ನೋವಾಗುತ್ತದೆ ಅಂತ ಮುಚ್ಚಿಟ್ಟೆ. ಒಳ್ಳೆಯವನಾಗುವುದು ಎಷ್ಟು ಕಷ್ಟ ಅಂತ ಹೇಳಿಕೊಳ್ಳಲು ಯಾರಿದ್ದರು? ಆ ಕೆಲಸ ಗೊತ್ತಿದ್ದವನು ನೀನೊಬ್ಬ, ನೀನು ಬಸ್ಸು ಹತ್ತಿದ್ದೆ.

ಬೇಜಾರಿಲ್ಲ ಅಂತ ಎರಡು ಸಲ ಬರೆದೆ. ಎರಡು ಸಲ ಬರೆದರೆ ಏನರ್ಥ ಅಂತ ಗೊತ್ತಾಗಲು ಎಷ್ಟು ಪುಸ್ತಕ ಓದಬೇಕು? ನಾನು ಕೇಳಿದ್ದು ಒಂದು ಶನಿವಾರ. ಹನ್ನೊಂದು ವರ್ಷಕ್ಕೆ ಒಂದೇ ಒಂದು ಶನಿವಾರ. ಹೆದರಿ ಓಡಿದೆ ನೀನು.

ಹೆಬ್ಬಾವು

*

ದಿನಾಂಕ: 14-3-1994

ಪ್ರೀತಿಯ ಭಾವಮೈದನಿಗೆ,

ನಾಲ್ಕು ತಿಂಗಳು ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನಿನ್ನ ಅಕ್ಕನ ಕಾರ್ಡು ಮಾತ್ರ ತಪ್ಪದೆ ಬಂತು. ಮೊದಲು "ಕ್ಷೇಮ" ಅಂತಿತ್ತು. ಜನವರಿಯಿಂದ "ಇಬ್ಬರೂ ಮೂರ್ಖರು, ಉಳಿದಂತೆ ಕ್ಷೇಮ" ಅಂತ ಬರುತ್ತಿದೆ.

ಹೌದು, ಹೆದರಿ ಓಡಿದೆ. ಸೋಲಲು ಹೆದರಿದೆ. ಸುಳ್ಳು ಚೀಟಿಯ ಗೆಲುವೇ ಆದರೂ ಹನ್ನೊಂದು ವರ್ಷ ಗೆದ್ದರೆ ಮನುಷ್ಯ ಅದನ್ನು ನಂಬಿಬಿಡುತ್ತಾನೆ. ನಿನ್ನ ಕೆಳಗೆ ಬಿದ್ದ ನನ್ನನ್ನು ನೋಡಿ ಜನ ಹೋ ಅನ್ನುವುದನ್ನು ನೆನೆದು ಬುಧವಾರ ಒಂದು ತುತ್ತೂ ಇಳಿಯಲಿಲ್ಲ. ಬಸ್ಸು ಬೇಗ ಇರಲಿಲ್ಲ. ನಾನೇ ಬೇಗ ಹೋಗಿ ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದೆ.

ಇಲ್ಲಿಗೆ ಬಂದಮೇಲೆ ಮೂವತ್ತೊಂದು ಸಲ ಸೋತೆ. ಒಬ್ಬನೂ ಹೋ ಅನ್ನಲಿಲ್ಲ. ಅದಕ್ಕೇ ನಾನು ಹೆದರಬೇಕಾಗಿತ್ತು, ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ಕಂಪನಿಯವರು ಕರೆದು "ಸಾಕು" ಅಂದರು. ಊರಿಗೆ ಬರಲು ಮುಖ ಇರಲಿಲ್ಲ. ಟ್ರಂಕಿನ ಪುಸ್ತಕಗಳನ್ನು ನೀನೇ ಇಟ್ಟುಕೋ ಅಂದರು. ಕೋಣೆಯಲ್ಲಿ ಕೂತು ಓದುವಾಗ ಒಂದರಲ್ಲಿ ಇಲ್ಲಿಯ ಸಾರ್ವಜನಿಕ ಗ್ರಂಥಾಲಯದ ಮುದ್ರೆ ಕಂಡಿತು. ಒಂಬತ್ತು ವರ್ಷದ ಹಿಂದೆ ಯಾರೋ ಒಯ್ದು ಮರಳಿಸದೇ ಇದ್ದದ್ದು. ಕೊಟ್ಟುಬರೋಣ ಅಂತ ಹೋದೆ. ಅಲ್ಲಿಯ ಮೇಡಂ ಸಣ್ಣ ಆಳು, ದೊಡ್ಡ ದನಿ. ಪುಸ್ತಕ ನೋಡಿದರು, ನನ್ನನ್ನು ನೋಡಿದರು. "ಟೀವಿಯಲ್ಲಿ ಶ್ ಅಂತಿದ್ದವರು ನೀವೇ ಅಲ್ವಾ?" ಅಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ನಮ್ಮಲ್ಲಿ ಹಾಗೆಲ್ಲ ಅನ್ನಲ್ಲ ರೀ. ಓದೋರು ಗಲಾಟೆ ಮಾಡಲ್ಲ. ಬನ್ನಿ, ಈ ಕಬ್ಬಿಣದ ಕಪಾಟು ನಾಲ್ಕು ಜನಕ್ಕೆ ಅಲುಗ್ತಿಲ್ಲ, ಒಂದು ಕೈ ಹಾಕಿ" ಅಂದರು. ಒಬ್ಬನೇ ಎತ್ತಿ ಕಿಟಕಿ ಪಕ್ಕ ಇಟ್ಟೆ. ಓದುತ್ತಿದ್ದ ಆರು ಜನ ತಲೆಯೆತ್ತಿ ಚಪ್ಪಾಳೆ ಹೊಡೆದರು. ವರ್ಷದ ಮೇಲೆ ಕೇಳಿದ ಚಪ್ಪಾಳೆ ಕಣೋ. ಬೆನ್ನು ತಿರುಗಿಸಿ ಧೂಳು ಬಿತ್ತು ಅಂತ ಕಣ್ಣೊರೆಸಿಕೊಂಡೆ.

ಈಗ ಅಲ್ಲೇ ಕೆಲಸ. ಕಪಾಟು ಸರಿಸುವುದು, ಪುಸ್ತಕ ಜೋಡಿಸುವುದು. ನೆಮ್ಮದಿಯಾಗಿದ್ದೇನೆ, ಇದು ಬಸ್ಸು ಬೇಗ ಇತ್ತು ಅಂದ ಹಾಗೆ ಅಲ್ಲ, ನಿಜ.

ನಾನು ಬಂದು ಸೋಲುತ್ತೇನೆ. ಯಾವ ಶನಿವಾರ ಅಂತ ಹೇಳು.

ಇಂತಿ ನಿನ್ನ ಭಾವ

*

ದಿನಾಂಕ: 22-3-1994

ಪೂಜ್ಯ ಭಾವನವರಿಗೆ,

ಏಪ್ರಿಲ್ ಒಂಬತ್ತು, ಸಂಜೆ ನಾಲ್ಕು ಗಂಟೆ. ಹಳದಿ ಚಡ್ಡಿಯ ಇನ್ನೊಂದು ಕಾಲಿಗೆ ಅಕ್ಕ ಪಟ್ಟಿ ಹಚ್ಚುತ್ತಿದ್ದಾಳೆ. ಸೊಂಟದ ಅಳತೆ ಕಳಿಸಬೇಕಂತೆ. ಸುಳ್ಳು ಅಳತೆ ಬೇಡವಂತೆ.

ಹೆಬ್ಬಾವು

*

ದಿನಾಂಕ: 18-4-1994

ಪೂಜ್ಯ ಭಾವನವರಿಗೆ, ಅಕ್ಕನಿಗೆ, ನಮಸ್ಕಾರಗಳು.

ನೀವಿಬ್ಬರೂ ಹೋದಮೇಲೆ ಮನೆ ಬಿಕೋ ಅನ್ನುತ್ತಿದೆ. ಅಕ್ಕ ಹದಿನೈದೇ ದಿನಕ್ಕೆ ಅಂತ ಹೇಳಿ ಹೊಲಿಗೆ ಮಿಷನ್ನನ್ನೂ ಬಸ್ಸಿಗೆ ಹಾಕಿಸಿಕೊಂಡಾಗಲೇ ನನಗೆ ಅರ್ಥವಾಗಿತ್ತು. ನಾನೀಗ ಮುಂದಿನ ಬಾಗಿಲಿಂದಲೇ ಓಡಾಡುತ್ತೇನೆ. ಎರಡು ದಿನ ಚಿಲಕ ಯಾವ ಕಡೆ ಅಂತಲೇ ತಿಳಿಯಲಿಲ್ಲ.

ಬರೆಯಲು ಕಾರಣ ಬೇರೆ. ನಮ್ಮ ಕುಸ್ತಿಯ ಬಗ್ಗೆ ಇಲ್ಲಿಯ ಪತ್ರಿಕೆಯವನು "ಗೊಂದಲದ ನಡುವೆ ಫಲಿತಾಂಶ" ಅಂತ ಬರೆದಿದ್ದಾನೆ. ಹನ್ನೊಂದು ವರ್ಷದಲ್ಲಿ ನನ್ನ ಒಂದೇ ಗೆಲುವು, ಅದೂ ಗೊಂದಲವೇ? ಆದ್ದರಿಂದ ನಡೆದದ್ದನ್ನು ನಾನೇ ಬರೆದಿದ್ದೇನೆ. ಓದಿ ಸಹಿ ಹಾಕಿ ಕಳಿಸಿ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ.

"ಸಂಜೆ ನಾಲ್ಕಕ್ಕೆ ಸಿಡಿಲು ರಿಂಗಿಗೆ ಬಂದಾಗ ಜನ ಹೋ ಅಂತ ಉಗಿದರು. ಕೊಡೆ ಅಜ್ಜಿ ಸಿಡಿಲನ್ನು ಕೊಡೆಯಿಂದ ಎರಡು ಸಲ ಹೊಡೆದಳು. ಸಿಡಿಲಿನ ಮುಖ ಹೂವಿನ ಹಾಗೆ ಅರಳಿತು. ಮೂವತ್ತೆಂಟು ನಿಮಿಷ ಕುಸ್ತಿ ನಡೆಯಿತು. ಇಬ್ಬರಿಗೂ ದಮ್ಮು ಹತ್ತಿತು. ಮೂವತ್ತೊಂಬತ್ತನೇ ನಿಮಿಷದಲ್ಲಿ ಸಿಡಿಲು ಬೀಳಬೇಕಾಗಿತ್ತು, ಆದರೆ ಅಭ್ಯಾಸಬಲದಿಂದ ಹೆಬ್ಬಾವೇ ಬಿದ್ದುಬಿಟ್ಟ. 'ಏಳೋ, ನೀನು ಗೆಲ್ಲಬೇಕು' ಅಂತ ಸಿಡಿಲು ಕಿವಿಯಲ್ಲಿ ಹೇಳಿದರು. 'ಹೆಂಗೆ ಭಾವ? ಕೈಕಾಲೇ ಓಡ್ತಿಲ್ಲ' ಅಂತ ಹೆಬ್ಬಾವು ಹೇಳಿದ. ಆಗ ಸಿಡಿಲು ತಾನೇ ಅಂಗಾತ ಮಲಗಿ, ಕಂಬಳಿ ಎಳೆದುಕೊಂಡ ಹಾಗೆ ಹೆಬ್ಬಾವನ್ನು ಮೈಮೇಲೆ ಎಳೆದುಕೊಂಡರು.

"ಭುಜ ನೆಲಕ್ಕೆ ತಾಗಿರುವಾಗ ಮೂರು ಎಣಿಸಿದರೆ ಸೋಲು. ರೆಫರಿ ಒಂದು, ಎರಡು ಅಂತ ಎಣಿಸಿದ. ಎರಡು ಅಂದಕೂಡಲೇ ಸಿಡಿಲಿನ ಭುಜ ತಾನಾಗಿ ಮೇಲೆದ್ದಿತು. ಎರಡಕ್ಕೆ ಏಳುವುದು ಆ ಭುಜಕ್ಕೆ ಹನ್ನೊಂದು ವರ್ಷದ ರೂಢಿ. 'ಸಾರಿ ಕಣೋ, ಇನ್ನೊಂದ್ಸಲ' ಅಂದರು. ಎರಡನೇ ಸಲವೂ ಎದ್ದಿತು. ಮೂರನೇ ಸಲವೂ ಎದ್ದಿತು. ಜನ ನಕ್ಕು ನಕ್ಕು ಬೆಂಚಿನಿಂದ ಬೀಳುತ್ತಿದ್ದರು. ರೆಫರಿ 'ಅಣ್ಣಾ, ನನ್ನ ಕೈ ನೋಯ್ತಿದೆ' ಅಂದ. ಆಗ ಮೊದಲ ಸಾಲಿನಿಂದ ಸಿಡಿಲಿನ ಹೆಂಡತಿ ಎದ್ದು ನಿಂತು, 'ರೀ, ಸುಮ್ನೆ ಮಲಗ್ರೀ!' ಅಂತ ಇಡೀ ಹಾಲಿಗೆ ಕೇಳಿಸುವ ಹಾಗೆ ಕೂಗಿದಳು.

"ನಾಲ್ಕನೇ ಸಲ ರೆಫರಿ ಒಂದು, ಎರಡು, ಮೂರು ಅಂದ. ಹೆಂಡತಿ ಹೇಳಿದ್ದಕ್ಕೆ ಸಿಡಿಲು ಏಳದೆ ಸುಮ್ಮನೆ ಮಲಗಿದರು. ಹೆಬ್ಬಾವು ಗೆದ್ದ."

ಇಷ್ಟೇ. ಆಮೇಲೆ ನಾನು ಕೈ ಎತ್ತುವುದನ್ನು ಮರೆತು ಅತ್ತದ್ದನ್ನು ಬರೆದಿಲ್ಲ, ಅದು ಕುಸ್ತಿಗೆ ಸಂಬಂಧಪಟ್ಟದ್ದಲ್ಲ.

ಕೊನೆಯ ಸಾಲು ಬರೆಯುವಾಗ ಸ್ವಲ್ಪ ಕೈ ತಡೆಯಿತು. ನೀವು ಮಲಗಿದ್ದರಿಂದ ನಾನು ಗೆದ್ದದ್ದು. ಆದರೂ ಇದ್ದದ್ದು ಇದ್ದ ಹಾಗೆ ಇರಲಿ. ಗೆಲುವು ಗೆಲುವೇ.

ಇಂತಿ ನಿಮ್ಮ ಹೆಬ್ಬಾವು

*

ದಿನಾಂಕ: 27-4-1994

ಪ್ರೀತಿಯ ಭಾವಮೈದನಿಗೆ,

ನಿನ್ನ ಅಕ್ಕ ಇಲ್ಲಿ ಓದುವ ಕೋಣೆಯ ಪರದೆಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿಯುತ್ತಿದ್ದಾಳೆ. ಅವಳೂ ಮೇಡಮ್ಮೂ ಒಂದು ಕಡೆ ಸೇರಿದರೆ ಗ್ರಂಥಾಲಯದಲ್ಲಿ ಓದುವವರಿಗಿಂತ ಮಾತಾಡುವವರೇ ಜಾಸ್ತಿ ಆಗುತ್ತಾರೆ. ಯಾರೂ "ಶ್" ಅನ್ನುವುದಿಲ್ಲ, ನಾನಂತೂ ಅನ್ನುವುದೇ ಇಲ್ಲ.

ನೀನು ಬರೆದದ್ದನ್ನು ಇಬ್ಬರೂ ಓದಿದೆವು. ಕೊಡೆಯ ಏಟು ಎರಡಲ್ಲ, ಮೂರು. ಅದನ್ನು ತಿದ್ದಿದ್ದೇನೆ. ಮುಖ ಹೂವಿನ ಹಾಗೆ ಅರಳಿತು ಅನ್ನುವುದನ್ನು ತೆಗೆಯಬೇಕು ಅಂದುಕೊಂಡೆ, ನಿನ್ನ ಅಕ್ಕ ಬಿಡಲಿಲ್ಲ.

ಕೊನೆಗಿರುವ "ಹೆಂಡತಿ ಹೇಳಿದ್ದಕ್ಕೆ ಸಿಡಿಲು ಏಳದೆ ಸುಮ್ಮನೆ ಮಲಗಿದರು" ಅನ್ನುವ ಸಾಲನ್ನು ಹೊಡೆದುಹಾಕಿದ್ದೇನೆ. ಅದು ಸುಳ್ಳು. ಅವಳ ಕೂಗು ಕಿವಿಗೆ ಬಿತ್ತು, ಸುಮ್ಮನೆ ಮಲಗಬೇಕು ಅಂತ ನಾನೂ ಅಂದುಕೊಂಡೆ. ಆದರೆ ಎರಡು ಅಂದಕೂಡಲೇ ನಾಲ್ಕನೇ ಸಲವೂ ನನ್ನ ಭುಜ ಏಳಲು ಹೊರಟಿತು. ಮೊದಲ ಮೂರು ಸಲ ನೀನು ಹೂವು ಇಟ್ಟ ಹಾಗೆ ನನ್ನ ಮೇಲೆ ಕೈ ಇಟ್ಟಿದ್ದೆ. ಆ ಸಲ ನಿನಗೆ ಎಲ್ಲಿಂದ ಸಿಟ್ಟು ಬಂತೋ ಕಾಣೆ, ಭುಜ ಅದುಮಿ ಹಿಡಿದೆ. ನಾನು ಒದ್ದಾಡಿದೆ ಕಣೋ, ನಿನಗೆ ತಿಳಿಯಲಿಲ್ಲವೇ? ಎಡಭುಜ ಇನ್ನೂ ಕಪ್ಪಗಿದೆ, ನಿನ್ನ ಅಕ್ಕ ದಿನಾ ಎಣ್ಣೆ ತಿಕ್ಕುತ್ತಿದ್ದಾಳೆ.

ಆ ಜಾಗದಲ್ಲಿ ನನ್ನ ಕೈಯಾರೆ ಒಂದು ಸಾಲು ಬರೆದು, ಅದರ ಕೆಳಗೆ ಸಹಿ ಹಾಕಿದ್ದೇನೆ. ಕಟ್ಟು ಹಾಕಿಸು.

"ಸಿಡಿಲು ಏಳಲು ನೋಡಿದ. ಹೆಬ್ಬಾವು ಬಿಡಲಿಲ್ಲ."

ಇಂತಿ ನಿನ್ನ ಭಾವ